ಅರಳುಮರಳು ಎಂದು ಬಿಟ್ಟುಬಿಡದವರಿಗೆ

ಅಮ್ಮ ಹೋಗಿ ಒಂದು ತಿಂಗಳಾಯಿತು. ಆಲ್ಝೈಮರ್ ಎಂಬ ಮರೆವಿನ ಕಾಯಿಲೆ ಎಂದು ಗೊತ್ತಾದ ಮೇಲೆ 7 ವರ್ಷ ನಮ್ಮ ಜೊತೆ ಇದ್ದಳು. ಆ ದಿನಗಳಲ್ಲಿ ಯಾರ ಹತ್ತಿರವೂ ಸರಿಯಾಗಿ ಮಾತಾಡಲು ಆಗಲಿಲ್ಲ. ಹೇಳಬೇಕಾದ್ದು ಬಾಕಿ ಉಳಿದಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಅತ್ತಿಗೆಗೆ. ಅಮ್ಮ ಕೇಳಿದ್ದನ್ನೇ ಕೇಳಲು ಶುರು ಮಾಡಿದಾಗ ನಾವೆಲ್ಲ "ವಯಸ್ಸಾಯ್ತಲ್ಲ, ಅರಳುಮರಳು" ಎಂದು ಸುಮ್ಮನಾಗಿದ್ದೆವು. ಅತ್ತಿಗೆ ಒಪ್ಪಲಿಲ್ಲ. "ಕನ್ನಡಕ ಎಲ್ಲಿಟ್ಟೆ ಅಂತ ಮರೆಯೋದು ಬೇರೆ. ಇಷ್ಟು ವರ್ಷ ಹೊಲಿದವರಿಗೆ ಮಷಿನ್‌ಗೆ ದಾರ ಹಾಕೋದೇ ಗೊತ್ತಾಗ್ತಿಲ್ಲ" ಎಂದು ಹಟ ಹಿಡಿದು ಡಾಕ್ಟರ್ ಹತ್ತಿರ ಕರೆದುಕೊಂಡು ಹೋದರು.

ಆ ನರರೋಗ ತಜ್ಞೆಗೂ ನಾನು ಋಣಿ. ವಿಟಮಿನ್ ಬಿ12 ಕಡಿಮೆಯಾದರೂ, ಥೈರಾಯ್ಡ್ ತೊಂದರೆ ಇದ್ದರೂ ಮರೆವು ಬರುತ್ತದೆ ಎಂದು ಮೊದಲು ರಕ್ತ ಪರೀಕ್ಷೆ ಮಾಡಿಸಿದರು. ಆಮೇಲೆ ಮಿದುಳಿನ ಸ್ಕ್ಯಾನ್. ಗಡಿಯಾರದ ಚಿತ್ರ ಬರೆಯಲು ಹೇಳಿದರು. ಅಮ್ಮ ಅಂಕಿಗಳನ್ನೆಲ್ಲ ಒಂದೇ ಕಡೆ ತುಂಬಿದಳು. ಅಮೈಲಾಯ್ಡ್, ಟೌ ಎಂಬ ಪ್ರೋಟೀನುಗಳು ಮಿದುಳಿನಲ್ಲಿ ಕಟ್ಟಿಕೊಳ್ಳುತ್ತವೆ, ಹೊಸ ನೆನಪನ್ನು ಕೂಡಿಡುವ ಹಿಪ್ಪೊಕ್ಯಾಂಪಸ್ ಭಾಗಕ್ಕೆ ಬೇಗನೆ ಪೆಟ್ಟು ಬೀಳುತ್ತದೆ ಎಂದು ವಿವರಿಸಿದರು. ಬೆಳಗ್ಗೆ ನಡೆದದ್ದು ಮರೆತುಹೋಗಿ ಬಾಲ್ಯದ್ದು ಉಳಿಯುವುದು ಯಾಕೆ ಎಂದು ನನಗೆ ಅರ್ಥವಾದದ್ದು ಆಗ. ಡೊನೆಪೆಜಿಲ್ ಬರೆದುಕೊಟ್ಟು, "ಇದು ಗುಣ ಮಾಡಲ್ಲ, ಕೆಲವರಿಗೆ ಸ್ವಲ್ಪ ಕಾಲ ಆಸರೆಯಾಗುತ್ತೆ" ಎಂದರು. ಸುಳ್ಳು ಭರವಸೆ ಕೊಡಲಿಲ್ಲ.

ಔಷಧಿ ಅಂಗಡಿಯವರೇ, ನಿಮಗೆ ನೆನಪಿದೆಯೋ ಇಲ್ಲವೋ. ಅಮ್ಮನಿಗೆ ಪದೇ ಪದೇ ಮೂತ್ರ ಬರುತ್ತಿದ್ದಾಗ ಬೇರೆ ಕಡೆ ಒಂದು ಮಾತ್ರೆ ಬರೆದುಕೊಟ್ಟಿದ್ದರು. ಎರಡೂ ಚೀಟಿ ನೋಡಿ ನೀವು ಮಾತ್ರೆ ಕೊಡಲಿಲ್ಲ. ಡೊನೆಪೆಜಿಲ್ ನೆನಪಿಗೆ ನೆರವಾಗುವ ಮಿದುಳಿನ ರಾಸಾಯನಿಕವಾದ ಅಸಿಟೈಲ್‌ಕೋಲಿನ್ ಉಳಿಸಲು ನೋಡುತ್ತದೆ, ಈ ಮಾತ್ರೆ ಅದೇ ಅಸಿಟೈಲ್‌ಕೋಲಿನ್ ಕೆಲಸವನ್ನು ತಡೆಯುತ್ತದೆ, ಡಾಕ್ಟರನ್ನು ಕೇಳಿ ಬನ್ನಿ ಎಂದಿರಿ. ಡಾಕ್ಟರು ಆ ಮಾತ್ರೆ ಬೇಡ ಎಂದರು.

5ನೇ ವರ್ಷ ಒಂದು ವಾರ ತುಂಬಾ ಕಷ್ಟವಾಯಿತು. ಎರಡೇ ದಿನದಲ್ಲಿ ಅಮ್ಮ ಪೂರ್ತಿ ಬದಲಾದಳು. ಇಲ್ಲದವರನ್ನು ಕಂಡು ಕೂಗುತ್ತಿದ್ದಳು, ನನ್ನನ್ನು ಹೊಡೆದಳು. ಕಾಯಿಲೆ ಕೊನೆಗೆ ಬಂತು ಎಂದು ಅತ್ತುಬಿಟ್ಟೆ. ನರ್ಸ್ ಒಬ್ಬರು ಮಾತ್ರ, "ಆಲ್ಝೈಮರ್ ಎರಡು ದಿನದಲ್ಲಿ ಹೀಗೆ ಏರಲ್ಲ. ಮೂತ್ರ ಪರೀಕ್ಷೆ ಮಾಡಿಸಿ" ಎಂದರು. ಸೋಂಕು ಇತ್ತು. ಆಂಟಿಬಯೋಟಿಕ್ ಕೊಟ್ಟ ಮೇಲೆ ದಿನದಿಂದ ದಿನಕ್ಕೆ ಶಾಂತವಾದಳು. ಮನೆಯಲ್ಲಿ ಇಂಥವರು ಇದ್ದರೆ ದಯವಿಟ್ಟು ಇದನ್ನು ನೆನಪಿಡಿ. ದಿಢೀರ್ ಬದಲಾವಣೆ ಕಂಡರೆ ಕಾಯಿಲೆಯೇ ಜಾಸ್ತಿಯಾಯಿತು ಎಂದು ಕೂರಬೇಡಿ, ಅವತ್ತೇ ತೋರಿಸಿ. ಆ ನರ್ಸ್ ಹೇಳದಿದ್ದರೆ ನಾನು ಸುಮ್ನೆ ಅಳುತ್ತಾ ಕೂತಿರುತ್ತಿದ್ದೆ.

ಇನ್ನು ಅಮ್ಮನನ್ನು ನೋಡಿಕೊಳ್ಳಲು ದಿನಾ ಬರುತ್ತಿದ್ದ ಅಕ್ಕನಿಗೆ ಏನು ಹೇಳಲಿ? ಸಂಜೆಯಾದರೆ ಅಮ್ಮನಿಗೆ ತಳಮಳ. "ಮನೆಗೆ ಹೋಗಬೇಕು, ನಮ್ಮಮ್ಮ ಕಾಯ್ತಿರ್ತಾಳೆ" ಎನ್ನುತ್ತಿದ್ದಳು. "ಇದೇ ಮನೆ, ಅಜ್ಜಿ ತೀರಿಕೊಂಡು ಎಷ್ಟೋ ವರ್ಷವಾಯ್ತು" ಎಂದು ನಾನು ತಿದ್ದುತ್ತಿದ್ದೆ. ಅಮ್ಮನಿಗೆ ಅದು ಪ್ರತಿ ಸಲವೂ ಹೊಸ ಸಾವು. ಪ್ರತಿ ಸಲವೂ ಅಳು. ನಿಜ ಹೇಳುತ್ತಿದ್ದೇನೆ ಎಂದುಕೊಂಡು ನಾನು ಎಷ್ಟು ದಿನ ನೋಯಿಸಿದೆನೋ.

ಅಕ್ಕ ತಿದ್ದಲಿಲ್ಲ. "ನಿಮ್ಮಮ್ಮ ಹೇಗಿದ್ರು, ಹೇಳಿ" ಎಂದು ಪಕ್ಕದಲ್ಲಿ ಕೂತರು. ಕತ್ತಲಾಗುವ ಮೊದಲೇ ದೀಪ ಹಾಕುತ್ತಿದ್ದರು. ಒಗೆದ ಬಟ್ಟೆಯ ಬುಟ್ಟಿಯನ್ನು ಮುಂದಿಟ್ಟು, "ಸ್ವಲ್ಪ ಸಹಾಯ ಮಾಡ್ತೀರಾ?" ಎಂದು ಕೇಳುತ್ತಿದ್ದರು. ಅಮ್ಮ ತೂಕಡಿಸುವವರೆಗೂ ಮಡಚುತ್ತಿದ್ದಳು. ಕೊನೆಯ ವರ್ಷ ನನ್ನ ಹೆಸರು ಬರುತ್ತಿರಲಿಲ್ಲ. ಆದರೂ ಟವೆಲ್ಲಿನ ಅಂಚಿಗೆ ಅಂಚು ಸೇರಿಸಿ, ಅಂಗೈಯಿಂದ ಒತ್ತಿ ನನ್ನ ಕೈಗೆ ಕೊಡುತ್ತಿದ್ದಳು.

ಅಕ್ಕಾ, ಆ ಬುಟ್ಟಿ ಇನ್ನೂ ಅಲ್ಲೇ ಇದೆ. ಕೆಲಸಕ್ಕಲ್ಲ, ಸುಮ್ನೆ ಒಂದು ಸಂಜೆ ಬನ್ನಿ.