ಪರದೇಶದ ಪಟ್ಟಿಯೂ ನಮ್ಮ ಊರಿನ ವಹಿಯೂ

ಮಾನ್ಯ ಸಂಪಾದಕರಿಗೆ,

ಮಾನವ ಹಕ್ಕುಗಳ ದಿನದ ನಿಮಿತ್ತ ತಾವು ಪ್ರಕಟಿಸಿದ ಲೇಖನಕ್ಕೆ ಓದುಗರೊಬ್ಬರು ಬರೆದ ಪ್ರತಿಕ್ರಿಯೆ ಕಳೆದ ವಾರ ಇದೇ ಅಂಕಣದಲ್ಲಿ ಬಂದಿತ್ತು. ದೂರದ ದೇಶಗಳಲ್ಲಿ ಯಾರು ಯಾರನ್ನು ಕೊಂದರು, ಯಾವ ಸರ್ಕಾರ ಎಲ್ಲಿ ಎಡವಿತು ಎಂದು ವರ್ಷವರ್ಷವೂ ವರದಿ ಹೊರತಂದರೆ ಸತ್ತವರೇನೂ ಎದ್ದು ಬರುವುದಿಲ್ಲ, ಆ ಜಾಗದಲ್ಲಿ ನಮ್ಮ ಹೆದ್ದಾರಿಯ ಹೊಂಡದ ಸುದ್ದಿ ಹಾಕಿ ಎಂಬುದು ಅವರ ಮಾತಿನ ತಿರುಳು. ಹೊಂಡದ ವಿಷಯದಲ್ಲಿ ನನ್ನ ತಕರಾರಿಲ್ಲ. ನಾನೂ ಅದೇ ದಾರಿಯಲ್ಲಿ ಓಡಾಡುವವನು. ಆದರೆ ಬರೆದಿಡುವುದರಿಂದ ಏನೂ ಆಗುವುದಿಲ್ಲ ಎಂಬ ಮಾತನ್ನು, ನೌಕರಿಯುದ್ದಕ್ಕೂ ಶಾಲೆಯ ವಹಿ ಬರೆದ ನಾನು ಒಪ್ಪಲಾರೆ.

ಸಿರಿಯಾದ ಸೇನಾ ಪೊಲೀಸ್ ಪಡೆಯಲ್ಲಿ ಒಬ್ಬ ಛಾಯಾಗ್ರಾಹಕನಿದ್ದ. ಬಂಧನದಲ್ಲಿ ಸತ್ತವರ ದೇಹಗಳ ಚಿತ್ರ ತೆಗೆದು ಕಡತಕ್ಕೆ ಸೇರಿಸುವುದು ಅವನ ಕೆಲಸ. ದೇಹದ ಮೇಲೋ ಪಕ್ಕದ ಚೀಟಿಯಲ್ಲೋ ಸಂಖ್ಯೆಗಳಿರುತ್ತಿದ್ದವು: ಕೈದಿಯದೊಂದು, ಅವನನ್ನು ಹಿಡಿದಿಟ್ಟ ಗುಪ್ತಚರ ಶಾಖೆಯದೊಂದು, ಶವ ನೋಡಿದ ವೈದ್ಯನ ದಾಖಲೆಯದೊಂದು. 2013ರಲ್ಲಿ ದೇಶ ಬಿಟ್ಟ ಈತ ಆ ಚಿತ್ರಗಳ ಪ್ರತಿಗಳನ್ನು ಗುಟ್ಟಾಗಿ ಹೊರಗೆ ಸಾಗಿಸಿದ. ಹೊರಜಗತ್ತು ಅವನನ್ನು ಬಹುಕಾಲ ‘ಸೀಸರ್’ ಎಂಬ ಗುಪ್ತನಾಮದಿಂದಷ್ಟೇ ಬಲ್ಲದ್ದಾಗಿತ್ತು. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯವರು ತಮ್ಮ ಕೈಗೆ ಬಂದ 53,275 ಚಿತ್ರಗಳನ್ನು ಪರಿಶೀಲಿಸಿ, ಸಂಖ್ಯೆಗೆ ಸಂಖ್ಯೆ ತಾಳೆ ನೋಡಿ, ಅವುಗಳಲ್ಲಿ ಕನಿಷ್ಠ 6,786 ಕೈದಿಗಳ ದೇಹಗಳಿವೆ ಎಂದು 2015ರಲ್ಲಿ ತಿಳಿಸಿದರು. ಜರ್ಮನಿಯ ಕೊಬ್ಲೆಂಝ್ ನಗರದ ನ್ಯಾಯಾಲಯ 2022ರ ಜನವರಿಯಲ್ಲಿ ಸಿರಿಯಾದ ಮಾಜಿ ಗುಪ್ತಚರ ಅಧಿಕಾರಿ ಅನ್ವರ್ ರಸ್ಲಾನ್‌ಗೆ ಜೀವಾವಧಿ ಶಿಕ್ಷೆ ವಿಧಿಸಿದಾಗ, ಅದರ ಮುಂದಿದ್ದ ಸಾಕ್ಷ್ಯಗಳಲ್ಲಿ ಈ ಚಿತ್ರಗಳೂ ಇದ್ದವು. ಸತ್ತವರು ಎದ್ದು ಬರಲಿಲ್ಲ, ನಿಜ. ಆದರೆ ಮನೆಯವನು ಎಲ್ಲಿ ಹೋದ ಎಂದು ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದ ಎಷ್ಟೋ ಕುಟುಂಬಗಳಿಗೆ ಉತ್ತರ ಸಿಕ್ಕಿದ್ದು ಆ ಚಿತ್ರಗಳಿಂದಲೇ. ತಾವು ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲ ಎಂದುಕೊಂಡವರೇ ಇಷ್ಟು ಅಚ್ಚುಕಟ್ಟಾಗಿ ಲೆಕ್ಕ ಬರೆದಿಡುತ್ತಾರೆಂಬುದು ನನಗೆ ಇಂದಿಗೂ ಸೋಜಿಗ. ಗ್ವಾಟೆಮಾಲಾದಲ್ಲೂ ಹೀಗೆಯೇ ಆಯಿತು. 2005ರಲ್ಲಿ ಪೊಲೀಸರ ಹಳೆಯ ಕಟ್ಟಡವೊಂದರಲ್ಲಿ ಕಣ್ಮರೆಯಾದವರ ಸುಳಿವೂ ಇದ್ದ, ಸುಮಾರು 8 ಕೋಟಿ ಪುಟಗಳ ಕಡತರಾಶಿ ಆಕಸ್ಮಿಕವಾಗಿ ಸಿಕ್ಕಿತು.

ಅರ್ಜೆಂಟೀನಾದಲ್ಲಿ 1976ರಿಂದ 1983ರವರೆಗೆ ಸೇನಾಡಳಿತ ನಡೆಸಿದವರು ಇಂಥ ಕುರುಹು ಬಿಡದಂತೆ ಜಾಗ್ರತೆ ವಹಿಸಿದ್ದರು. ಜನರನ್ನು ರಾತ್ರಿ ಎತ್ತಿಕೊಂಡು ಹೋಗಿ, ಬೆಳಗಾದ ಮೇಲೆ ಅಂಥವರು ನಮ್ಮಲ್ಲಿ ಇಲ್ಲವೇ ಇಲ್ಲ ಎನ್ನುತ್ತಿದ್ದರು. ಪಟ್ಟಿಯನ್ನು ಆಗ ಮನೆಯವರೇ ಬರೆಯಬೇಕಾಯಿತು. ತಲೆಗೆ ಬಿಳಿ ವಸ್ತ್ರ ಕಟ್ಟಿಕೊಂಡು ಅಧ್ಯಕ್ಷರ ಕಚೇರಿಯ ಮುಂದಿನ ಚೌಕದಲ್ಲಿ ಪ್ರತಿ ಗುರುವಾರ ಸುತ್ತು ಹಾಕಿದ ತಾಯಂದಿರ ಬಳಿ ಇದ್ದದ್ದು ಮಕ್ಕಳ ಹೆಸರು, ತಾರೀಖು, ಒಂದು ಫೋಟೊ, ಇಷ್ಟೇ. ಪ್ರಜಾಪ್ರಭುತ್ವ ಮರಳಿದ ಮೇಲೆ ನೇಮಕವಾದ ಆಯೋಗ 1984ರಲ್ಲಿ ಕಣ್ಮರೆಯಾದ 8,960 ಜನರ ಲೆಕ್ಕ ಕೊಟ್ಟಿತು; ಪಟ್ಟಿ ಇನ್ನೂ ಪೂರ್ತಿಯಲ್ಲ ಎಂದೂ ಅದೇ ಹೇಳಿತು. ಮಾನವ ಹಕ್ಕು ಸಂಘಟನೆಗಳು ಹೇಳುವ ಸಂಖ್ಯೆ 30 ಸಾವಿರ. ಈ ಅಂತರವನ್ನೇ ಹಿಡಿದು ಎಲ್ಲವೂ ಸುಳ್ಳೆನ್ನುವವರು ಅಲ್ಲಿ ಈಗಲೂ ಇದ್ದಾರೆ. ಆದರೆ ಮರುವರ್ಷವೇ ಸೇನಾಡಳಿತದ ಮುಖ್ಯಸ್ಥರು ಕಟಕಟೆ ಹತ್ತಿ, ಅವರಲ್ಲೊಬ್ಬನಾದ ವಿಡೇಲಾಗೆ ಜೀವಾವಧಿ ಶಿಕ್ಷೆಯಾದದ್ದು ದಾಖಲಾದ ಪ್ರಕರಣಗಳ ಬಲದಿಂದ. ದೊಡ್ಡ ಸಂಖ್ಯೆಯ ಬಲದಿಂದಲ್ಲ.

ಇಂಥ ವರದಿಗಳೆಲ್ಲ ಬಲಾಢ್ಯ ದೇಶಗಳು ಬಡ ದೇಶಗಳ ಮೇಲೆ ಬೆರಳು ತೋರಿಸುವ ಸಾಧನ ಎಂಬ ಅನುಮಾನವೂ ಆ ಪತ್ರದಲ್ಲಿತ್ತು. ಅನುಮಾನಕ್ಕೆ ಕಾರಣವಿಲ್ಲದಿಲ್ಲ. ಆದರೆ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ತಾನು ಹಿಡಿದಿಟ್ಟ ಭಯೋತ್ಪಾದನೆ ಶಂಕಿತರ ವಿಚಾರಣೆಯ ವಿಡಿಯೊ ಟೇಪುಗಳನ್ನು 2005ರಲ್ಲಿ ನಾಶಪಡಿಸಿತೆಂಬುದು ಬಯಲಾದಾಗ, ಅಲ್ಲಿನ ಸೆನೆಟ್ ಸಮಿತಿ ಅದೇ ಸಂಸ್ಥೆಯ ಲಕ್ಷಗಟ್ಟಲೆ ಪುಟಗಳ ಕಾಗದಪತ್ರ ಜಾಲಾಡಿತು. ಆ ಸಂಸ್ಥೆಯ ಬಂಧನದಲ್ಲಿದ್ದವರು ಕನಿಷ್ಠ 119 ಮಂದಿ, ಅವರಲ್ಲಿ ಕನಿಷ್ಠ 26 ಮಂದಿಯನ್ನು ತಪ್ಪಾಗಿ ಹಿಡಿದಿಡಲಾಗಿತ್ತು ಎಂದು 2014ರಲ್ಲಿ ಬರೆಯಿತು. 6,700ಕ್ಕೂ ಹೆಚ್ಚು ಪುಟಗಳ ಆ ವರದಿಯಲ್ಲಿ ಜನ ಓದಬಹುದಾದದ್ದು ಸುಮಾರು 500 ಪುಟಗಳ ಸಾರಾಂಶ ಮಾತ್ರ ಎಂಬುದನ್ನೂ ಹೇಳಬೇಕು.

ನಮ್ಮಲ್ಲಿ ಆಗುವುದು ಬೇರೆ. 2020ರ ಸೆಪ್ಟೆಂಬರಿನಲ್ಲಿ, ಲಾಕ್‌ಡೌನ್ ಕಾಲದಲ್ಲಿ ಊರಿಗೆ ಮರಳುವಾಗ ಎಷ್ಟು ವಲಸೆ ಕಾರ್ಮಿಕರು ಸತ್ತರೆಂದು ಲೋಕಸಭೆಯಲ್ಲಿ ಕೇಳಿದಾಗ, ಅಂಥ ಮಾಹಿತಿಯನ್ನು ಇಟ್ಟಿಲ್ಲ ಎಂದು ಕಾರ್ಮಿಕ ಸಚಿವಾಲಯ ಉತ್ತರಿಸಿತು. ಲೆಕ್ಕವಿಲ್ಲವೆಂದ ಮೇಲೆ ಪರಿಹಾರದ ಪ್ರಶ್ನೆಯೂ ಏಳುವುದಿಲ್ಲವಲ್ಲ. ಇದಕ್ಕೆ ಪ್ರತಿಯಾಗಿ ನಮ್ಮ ಶಿರೂರನ್ನು ನೆನೆಯಿರಿ. 2024ರ ಜುಲೈ 16ರಂದು ಅಂಕೋಲೆಯ ಆ ಗುಡ್ಡ ಹೆದ್ದಾರಿಯ ಮೇಲೆ ಕುಸಿದಾಗ ಸಿಲುಕಿದ ಕೇರಳದ ಲಾರಿ ಚಾಲಕನ ದೇಹ ಗಂಗಾವಳಿ ನದಿಯ ತಳದಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ರಂದು. ನಡುವೆ ಶೋಧ ನಿಂತಿತು, ಆಮೇಲೆ ಗೋವಾದಿಂದ ಹೂಳೆತ್ತುವ ಡ್ರೆಜ್ಜರ್ ಬಂತು. ಮಲಯಾಳಿ ಪತ್ರಿಕೆಗಳು, ವಾಹಿನಿಗಳು ಆ ಹುಡುಗನ ಹೆಸರನ್ನು ಎರಡು ತಿಂಗಳು ಬಿಡದೆ ಹೇಳದೆ ಹೋಗಿದ್ದರೆ ಅದು ಬರುತ್ತಿತ್ತೆಂದು ನನಗೆ ಅನಿಸುವುದಿಲ್ಲ.

ಇನ್ನು ನನ್ನ ವಹಿಯ ಮಾತು. ಸೀಬರ್ಡ್ ನೌಕಾನೆಲೆಗೆ ರಾಜೀವ್ ಗಾಂಧಿಯವರು 1986ರಲ್ಲಿ ಶಂಕುಸ್ಥಾಪನೆ ಮಾಡಿದರು. ಕಾರವಾರ, ಅಂಕೋಲಾ ತಾಲ್ಲೂಕುಗಳಲ್ಲಿ ನೆಲೆ ಕಳೆದುಕೊಂಡ ಕುಟುಂಬಗಳು ನಾಲ್ಕು ಸಾವಿರಕ್ಕೂ ಹೆಚ್ಚು. ನಾನು ಆಗ ಕಡಲ ಬದಿಯ ಒಂದು ಪ್ರಾಥಮಿಕ ಶಾಲೆಯಲ್ಲಿದ್ದೆ. ಊರು ಖಾಲಿಯಾದದ್ದನ್ನು ನಾನು ಲಾರಿಗಳನ್ನು ನೋಡಿ ತಿಳಿದದ್ದಕ್ಕಿಂತ ಹಾಜರಿ ಕೂಗುವಾಗ ತಿಳಿದದ್ದೇ ಹೆಚ್ಚು. ಒಂದು ಸೋಮವಾರ ಮೂರು ಹೆಸರಿಗೆ ‘ಹಾಜರ್’ ಎನ್ನುವವರಿರಲಿಲ್ಲ, ಮುಂದಿನ ಸೋಮವಾರ ಏಳಕ್ಕೆ. ಪ್ರವೇಶ ವಹಿಯ ಷರಾ ಕಲಮಿನಲ್ಲಿ ‘ಪಾಲಕರು ಊರು ಬಿಟ್ಟಿದ್ದರಿಂದ ಹೆಸರು ಕಮ್ಮಿ’ ಎಂದು ಕೆಂಪು ಶಾಯಿಯಲ್ಲಿ ಬರೆದು ಸಹಿ ಮಾಡುತ್ತಿದ್ದೆ. ಮೇಲಿನವರು ತಪಾಸಣೆಗೆ ಬಂದಾಗ ಇಷ್ಟುದ್ದ ಯಾಕೆ ಬರೆಯುತ್ತೀರಿ, ‘ಶಾಲೆ ಬಿಟ್ಟಿದೆ’ ಎಂದರೆ ಸಾಕಲ್ಲ ಎಂದಿದ್ದರು. ವರ್ಷಗಳ ಮೇಲೆ ಅದೇ ಮಕ್ಕಳು ಮೀಸೆ ಬಂದ ಗಂಡಸರಾಗಿ ನನ್ನ ಮನೆ ಹುಡುಕಿಕೊಂಡು ಬಂದರು. ತಾವು ಆ ಊರಿನವರೇ ಎಂಬುದಕ್ಕೆ ಕಚೇರಿಯೊಂದು ಪುರಾವೆ ಕೇಳಿತ್ತು, ಮನೆಯ ಕಾಗದಗಳು ಸಾಮಾನು ಸಾಗಿಸುವಾಗ ಕಳೆದಿದ್ದವು. ಹಳೆಯ ವಹಿ ಇನ್ನೊಂದು ಶಾಲೆಯ ಕಪಾಟಿನಲ್ಲಿ ಸಿಕ್ಕಿತು. ಕೆಳಗಿನ ಮೂಲೆಯನ್ನು ವರಲೆ ತಿಂದಿತ್ತು, ಆದರೆ ಷರಾ ಕಲಮು ಉಳಿದಿತ್ತು. ಆ ಕೆಂಪು ಸಾಲು ಕೆಲವರಿಗೆ ಕೆಲಸಕ್ಕೆ ಬಂತು. ಮೂಲೆ ಹರಿದ ಪುಟ ನಡೆಯುವುದಿಲ್ಲವೆಂದು ಇನ್ನು ಕೆಲವರನ್ನು ವಾಪಸು ಕಳಿಸಿದರು.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಅರಣ್ಯಭೂಮಿ ಅತಿಕ್ರಮಣದಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯು ಬುಡಕಟ್ಟಿನವರಲ್ಲದ ಪಾರಂಪರಿಕ ಅರಣ್ಯವಾಸಿಗಳಿಂದ ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸದ ಸಾಕ್ಷ್ಯ ಬಯಸುತ್ತದೆ. ಅದರ ನಿಯಮಗಳಲ್ಲಿ ಊರ ಹಿರಿಯರ ಬರಹಕ್ಕಿಳಿಸಿದ ಹೇಳಿಕೆಯೂ, ಹಳೆಯ ಬಾವಿ, ಸಮಾಧಿಗಳೂ ಸಾಕ್ಷ್ಯವೇ. ಆದರೂ ಮೇಜಿನ ಆಚೆ ಕುಳಿತವರು ಕೇಳುವುದು ಕಾಗದವನ್ನೇ, ಮತ್ತು ಹೇಳಿಕೆ ಕೊಡಬಲ್ಲ ಹಿರಿಯರು ವರ್ಷವರ್ಷವೂ ಕಡಿಮೆಯಾಗುತ್ತಿದ್ದಾರೆ.

ಆದ್ದರಿಂದ, ಹೊರದೇಶದ ಇಂಥ ಸುದ್ದಿಗಳನ್ನು ದಯವಿಟ್ಟು ನಿಲ್ಲಿಸಬೇಡಿ. ಆದರೆ ‘ನೂರಾರು ಮಂದಿ ಸಾವು’ ಎಂದು ಒಂದು ಕಾಲಮಿನಲ್ಲಿ ಮುಗಿಸುವ ಬದಲು ಯಾವ ಊರು, ಯಾವ ದಿನ, ಎಣಿಸಿದವರು ಯಾರು, ಅಲ್ಲಿನ ಸರ್ಕಾರ ಏನೆಂದಿತು ಎಂಬ ನಾಲ್ಕು ಸಾಲು ಸೇರಿಸಿ. ಆರು ತಿಂಗಳ ಮೇಲೆ ಏನಾಯಿತೆಂದು ಇನ್ನೊಮ್ಮೆ ವಿಚಾರಿಸಿ. ಜಿಲ್ಲೆಯ ಸುದ್ದಿಗೂ ಇದೇ ಕ್ರಮವಿರಲಿ. ಹಾಗೆಯೇ ಜಿಲ್ಲೆಯ ಮುಚ್ಚಿದ ಶಾಲೆಗಳ ವಹಿಗಳು ಈಗ ಎಲ್ಲಿವೆ, ಯಾರ ಸುಪರ್ದಿಯಲ್ಲಿವೆ ಎಂದು ತಮ್ಮ ವರದಿಗಾರರು ಒಮ್ಮೆ ಕೇಳಿದರೆ ಉಪಕಾರವಾದೀತು.

ಆ ಹಳೆಯ ವಹಿಯಿಂದ ನಾನು ಕೈಬರಹದಲ್ಲಿ ನಕಲು ಮಾಡಿಕೊಂಡ ಪಟ್ಟಿ ನನ್ನ ಬಳಿ ಇದೆ. ಅದರಲ್ಲಿ ಮೂವರು ಹೆಣ್ಣುಮಕ್ಕಳ ಹೆಸರಿನ ಮುಂದೆ, ಹೋದ ಊರು ಎಂಬ ಕಲಮು ಇನ್ನೂ ಖಾಲಿ ಇದೆ. ತಾವು ಅನುಮತಿಸಿದರೆ ಆ ಹೆಸರುಗಳನ್ನು ತಮ್ಮ ಕಚೇರಿಗೆ ತಂದುಕೊಡುತ್ತೇನೆ. ಬಲ್ಲವರು ಯಾರಾದರೂ ತಮ್ಮ ಓದುಗರಲ್ಲಿ ಇರಬಹುದು.

ತಮ್ಮ ವಿಶ್ವಾಸಿ,
ನಿವೃತ್ತ ಮುಖ್ಯಾಧ್ಯಾಪಕ, ಕಾರವಾರ