ಮುಳ್ಳು ತೋರಿಸುವ ವೇಗ, ಚಕ್ರ ಓಡುವ ವೇಗ

ಸಂಪಾದಕರಿಗೆ,

ಮಾನ್ಯರೇ,

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ತಮ್ಮ ಕಾರಿನ ಮೀಟರ್ 99 ತೋರಿಸುತ್ತಿದ್ದರೂ ಕ್ಯಾಮೆರಾ 103 ಎಂದು ದಾಖಲಿಸಿ ದಂಡದ ನೋಟಿಸ್ ಕಳುಹಿಸಿದೆ, ಆದ್ದರಿಂದ ಈ ಕ್ಯಾಮೆರಾಗಳನ್ನು ನಂಬುವಂತಿಲ್ಲ ಎಂದು ಓದುಗರೊಬ್ಬರು ಕಳೆದ ವಾರ ಈ ಅಂಕಣದಲ್ಲಿ ಬರೆದಿದ್ದರು. ಗಂಟೆಗೆ 100 ಕಿ.ಮೀ. ಮಿತಿಯಿರುವ ರಸ್ತೆಯಲ್ಲಿ ಒಂದೆರಡು ಅಂಕಿಗಳ ಅಂತರವೇ ದಂಡವನ್ನು ನಿರ್ಧರಿಸುವುದರಿಂದ ಅವರ ಅಸಮಾಧಾನ ಸಹಜವಾದದ್ದು. ಆದರೆ ಅವರು ಕ್ಯಾಮೆರಾವನ್ನು ಸಂದೇಹಿಸಿದಷ್ಟು ತಮ್ಮ ಮೀಟರನ್ನು ಸಂದೇಹಿಸಿದಂತೆ ಕಾಣಲಿಲ್ಲ. ಪಾಲಿಟೆಕ್ನಿಕ್ ಒಂದರಲ್ಲಿ ಬಹುಕಾಲ ಆಟೊಮೊಬೈಲ್ ವಿಷಯ ಬೋಧಿಸಿ ನಿವೃತ್ತನಾದ ನನಗೆ ಈ ಬಗ್ಗೆ ತಿಳಿದಿರುವುದನ್ನು, ಜೊತೆಗೆ ನಾನೇ ಎಡವಿದ್ದನ್ನು ಹೇಳಬೇಕೆನಿಸಿತು.

ಕಾರಿನ ಮೀಟರ್ ನೆಲದ ಮೇಲಿನ ವೇಗವನ್ನು ನೇರವಾಗಿ ಅಳೆಯುವುದಿಲ್ಲ. ಹಳೆಯ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾರುಗಳಲ್ಲಿ ಗೇರ್‌ಬಾಕ್ಸಿನಿಂದ ಬಂದ ಕೇಬಲ್ ಒಂದು ಅಯಸ್ಕಾಂತವನ್ನು ತಿರುಗಿಸುತ್ತಿತ್ತು. ಅದರ ಸುತ್ತಲಿನ ಅಲ್ಯೂಮಿನಿಯಂ ಬಟ್ಟಲು ಆ ಸೆಳೆತಕ್ಕೆ ಸಿಕ್ಕಿ, ತೆಳು ಸ್ಪ್ರಿಂಗಿನ ವಿರುದ್ಧ ಸ್ವಲ್ಪ ತಿರುಗಿ ಮುಳ್ಳನ್ನು ಏರಿಸುತ್ತಿತ್ತು. ಜರ್ಮನಿಯಲ್ಲಿ 1902ರಲ್ಲಿ ಒಟ್ಟೊ ಶುಲ್ಜೆ ಪೇಟೆಂಟ್ ಪಡೆದ ಈ ಉಪಾಯ ಸುಮಾರು ಒಂದು ಶತಮಾನ ಬಾಳಿತು. ಕೇಬಲ್ಲಿನ ಗ್ರೀಸ್ ಒಣಗಿದಾಗ ಮುಳ್ಳು ನಡುಗುತ್ತಿದ್ದುದು ನನ್ನ ವಯಸ್ಸಿನವರಿಗೆ ನೆನಪಿರಬಹುದು. ಈಗ ಕೇಬಲ್ಲಿನ ಜಾಗಕ್ಕೆ ಸೆನ್ಸರ್ ಬಂದಿದೆ, ಮುಳ್ಳಿನ ಜಾಗದಲ್ಲಿ ಹಲವು ಕಾರುಗಳಲ್ಲಿ ಅಂಕಿಗಳೇ ಮೂಡುತ್ತವೆ. ಆದರೂ ಮೂಲಲೆಕ್ಕ ಬದಲಾಗಿಲ್ಲ: ಚಕ್ರ ಎಷ್ಟು ಸುತ್ತು ತಿರುಗಿತು ಎಂದು ಎಣಿಸಿ, ಒಂದು ಸುತ್ತಿಗೆ ಇಷ್ಟು ದೂರ ಎಂದು ಕಾರ್ಖಾನೆಯಲ್ಲಿ ನಿಗದಿಪಡಿಸಿದ ಅಳತೆಯಿಂದ ಗುಣಿಸುವುದು. ಚಕ್ರದ ಸುತ್ತಳತೆ ಬದಲಾದರೆ ಗುಣಾಕಾರ ತಪ್ಪುತ್ತದೆ, ಮೀಟರಿಗೆ ಅದು ತಿಳಿಯುವುದೇ ಇಲ್ಲ. ಅಂಕಿಗಳಲ್ಲಿ ಮೂಡಿದ ಮಾತ್ರಕ್ಕೆ ಲೆಕ್ಕ ಹೆಚ್ಚು ನಿಖರವೆಂದು ತಿಳಿಯುವುದೂ ಭ್ರಮೆಯೇ.

ಇದರ ಜೊತೆಗೆ ತಯಾರಕರು ಬೇಕೆಂದೇ ಸೇರಿಸುವ ಒಂದು ಅಂಚು, ಅಂದರೆ ಅಂಕಿಯಲ್ಲಿ ತುಸು ಹೆಚ್ಚಳ, ಇದೆ. ಅನೇಕ ದೇಶಗಳು ಅನುಸರಿಸುವ ವಿಶ್ವಸಂಸ್ಥೆಯ 39ನೇ ವಾಹನ ನಿಯಮದ ಪ್ರಕಾರ ಮೀಟರ್ ತೋರಿಸುವ ವೇಗ ನಿಜವೇಗಕ್ಕಿಂತ ಎಂದಿಗೂ ಕಡಿಮೆ ಇರಬಾರದು; ಹೆಚ್ಚಿದ್ದರೆ, ನಿಜವೇಗದ ಹತ್ತನೇ ಒಂದು ಭಾಗ ಮತ್ತು ಅದರ ಮೇಲೆ 4 ಕಿ.ಮೀ. ತನಕ ಹೆಚ್ಚಿರಬಹುದು. ಅಂದರೆ ನಿಜವಾಗಿ 100ರಲ್ಲಿ ಓಡುವ ಕಾರಿನ ಮೀಟರ್ 114 ತೋರಿಸಿದರೂ ಆ ನಿಯಮಕ್ಕೆ ಭಂಗವಿಲ್ಲ, 99 ತೋರಿಸಿದರೆ ಭಂಗ. ಹೀಗಾಗಿ ತಯಾರಕರು ಮೀಟರನ್ನು ಸ್ವಲ್ಪ ಮುಂದಿಟ್ಟೇ ಕಳುಹಿಸುತ್ತಾರೆ. ದೂರವನ್ನು ಕೂಡಿಸುವ ಓಡೊಮೀಟರಿಗೆ ಈ ಅಂಚನ್ನು ಸಾಮಾನ್ಯವಾಗಿ ಸೇರಿಸುವುದಿಲ್ಲವಾದ್ದರಿಂದ, ಒಂದೇ ಫಲಕದಲ್ಲಿ ಅಕ್ಕಪಕ್ಕ ಕುಳಿತಿರುವ ಎರಡು ಅಂಕಿಗಳಲ್ಲಿ ದೂರ ಸರಿಯಿದ್ದು ವೇಗ ಮಾತ್ರ ಉಬ್ಬಿರುವುದು ಅಪರೂಪವಲ್ಲ.

ನನ್ನ ಕಾರಿನಲ್ಲಿ ಈ ಉಬ್ಬು ಎಷ್ಟೆಂದು ತಿಳಿಯಲು ಎರಡು ವರ್ಷಗಳ ಹಿಂದೆ ಒಂದು ಭಾನುವಾರ ಬೆಳಗಿನ ಜಾವ ನಂಜನಗೂಡು ರಸ್ತೆಗೆ ಹೋಗಿದ್ದೆ. ಮುಳ್ಳನ್ನು 80ರ ಮೇಲೆ ನಿಲ್ಲಿಸಿ ಹಳದಿ ತಲೆಯ ಕಿಲೊಮೀಟರ್ ಕಲ್ಲುಗಳ ನಡುವೆ ಐದು ಕಿ.ಮೀ. ಓಡಿಸಿದಾಗ, ಪಕ್ಕದಲ್ಲಿ ಮೊಬೈಲಿನ ಸ್ಟಾಪ್‌ವಾಚ್ ಹಿಡಿದಿದ್ದ ಮೊಮ್ಮಗಳು 240 ಸೆಕೆಂಡ್ ಎಂದಳು. ನಿಜವಾಗಿ 80ರಲ್ಲಿ ಓಡಿದ್ದರೆ 225 ಸೆಕೆಂಡ್ ಸಾಕಿತ್ತು. ಐದು ಕಿ.ಮೀ.ಯನ್ನು ಗಂಟೆಯ 3,600 ಸೆಕೆಂಡ್‌ಗಳಿಂದ ಗುಣಿಸಿ ಬಂದ 18,000ವನ್ನು 240ರಿಂದ ಭಾಗಿಸಿದರೆ ನನ್ನ ನಿಜವೇಗ 75. ಒಂದೇ ಕಿಲೊಮೀಟರಿಗೆ ಈ ಪರೀಕ್ಷೆ ಮಾಡಿದರೆ ಬೆರಳು ಒತ್ತುವುದರಲ್ಲಿ ಒಂದು ಸೆಕೆಂಡ್ ತಪ್ಪಿದರೂ ಉತ್ತರ ನೂರಕ್ಕೆ ಎರಡರಷ್ಟು ಕೆಡುತ್ತದೆ, ಐದು ಕಿ.ಮೀ.ಗೆ ಮಾಡಿದಾಗ ಅದು ನೂರಕ್ಕೆ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ರಸ್ತೆ ಅಗಲಗೊಳಿಸುವಾಗ ಕಲ್ಲುಗಳು ಜಾಗ ಬದಲಿಸಿರುವ ಸಾಧ್ಯತೆ ಇರುವುದರಿಂದಲೂ ಹೆಚ್ಚು ದೂರ ತೆಗೆದುಕೊಳ್ಳುವುದು ಕ್ಷೇಮ. ಮೊಬೈಲಿನ ಜಿಪಿಎಸ್ ಕೂಡ, ನೇರವಾದ ಸಮತಟ್ಟು ರಸ್ತೆಯಲ್ಲಿ ವೇಗವನ್ನು ಒಂದೇ ಮಟ್ಟದಲ್ಲಿ ಸ್ವಲ್ಪ ಹೊತ್ತು ಕಾಯ್ದುಕೊಂಡರೆ, ಒಳ್ಳೆಯ ಸಾಕ್ಷಿಯೇ. ವೇಗ ಏರಿಳಿಯುವಾಗ ಮಾತ್ರ ಅದು ಒಂದೆರಡು ಹೆಜ್ಜೆ ಹಿಂದೆ ಬೀಳುತ್ತದೆ. ಯಾವ ವಿಧಾನವಾದರೂ ಗಡಿಯಾರವನ್ನೋ ಮೊಬೈಲನ್ನೋ ನೋಡುವ ಕೆಲಸ ಪಕ್ಕದವರದ್ದಾಗಬೇಕು, ಚಾಲಕನದ್ದಲ್ಲ.

ಇಷ್ಟು ತಿಳಿದ ಮೇಲೆ ನಾನು ಜಾಣನಾದೆ. ಮೀಟರ್ ಹೇಗೂ ಹೆಚ್ಚು ತೋರಿಸುತ್ತದೆಂದು ಮೈಸೂರು–ಬೆಂಗಳೂರು ಹೆದ್ದಾರಿಯಲ್ಲಿ ಮುಳ್ಳನ್ನು ನಿಶ್ಚಿಂತೆಯಿಂದ 106ರಲ್ಲಿ ಇಟ್ಟು ಓಡಿಸತೊಡಗಿದೆ. ಕಳೆದ ವರ್ಷ ಟೈರ್ ಸವೆದು ಬದಲಿಸುವಾಗ ಅಂಗಡಿಯವರು 185/65 ಆರ್15 ಬದಲು 195/65 ಆರ್15 ಹಾಕಿಕೊಳ್ಳಿ, ಹಿಡಿತ ಚೆನ್ನಾಗಿರುತ್ತದೆ, ಹಂಪ್‌ಗಳಲ್ಲಿ ತಳ ತಗಲುವುದಿಲ್ಲ ಎಂದರು. ಮೀಟರಿನ ಮಾತು ಅವರೂ ಎತ್ತಲಿಲ್ಲ, ಪಾಠ ಹೇಳಿ ತಲೆ ನರೆತ ನಾನೂ ಎತ್ತಲಿಲ್ಲ. ಮೊದಲ ಅಂಕಿ ಮಿ.ಮೀ.ಗಳಲ್ಲಿ ಟೈರಿನ ಅಗಲ, ಕೊನೆಯದು ಇಂಚುಗಳಲ್ಲಿ ರಿಮ್ಮಿನ ವ್ಯಾಸ. ಎರಡನೆಯದು ಪಕ್ಕದ ಗೋಡೆಯ ಎತ್ತರ ಆ ಅಗಲದ ನೂರಕ್ಕೆ ಎಷ್ಟು ಎಂಬುದು. ಆದ್ದರಿಂದ ಅಗಲ ಹೆಚ್ಚಿದರೆ ಎತ್ತರವೂ ಹೆಚ್ಚಿ ಚಕ್ರದ ವ್ಯಾಸ 621 ಮಿ.ಮೀ.ಯಿಂದ 634ಕ್ಕೆ ಏರುತ್ತದೆ, ಅಂದರೆ ನೂರಕ್ಕೆ ಎರಡರಷ್ಟು. ಮೆಕ್ಯಾನಿಕ್‌ಗಳು ಬಟನ್ ಎನ್ನುವ ಹೊರಮೈ ಉಬ್ಬು ಸುಮಾರು 8 ಮಿ.ಮೀ.ಯಿಂದ ಬದಲಿಸಲೇಬೇಕಾದ 1.6 ಮಿ.ಮೀ.ವರೆಗೆ ಸವೆಯುವಾಗ ವ್ಯಾಸದಲ್ಲಿ ನೂರಕ್ಕೆ ಇನ್ನೆರಡರಷ್ಟು ಹೋಗಿರುತ್ತದೆ. ನನ್ನ ಮೊದಲ ಪರೀಕ್ಷೆ ನಡೆದದ್ದು ಹೀಗೆ ಸವೆದ ಟೈರಿನಲ್ಲಿ. ಹೊಸ ಟೈರಿನಲ್ಲಿ ಅದೇ ರಸ್ತೆಯಲ್ಲಿ ಅದೇ 80ಕ್ಕೆ ಐದು ಕಿ.ಮೀ.ಗೆ 231 ಸೆಕೆಂಡ್ ಬಂತು, ನಿಜವೇಗ 78. ಹಾಗಾದರೆ ಹೆದ್ದಾರಿಯಲ್ಲಿ ನನ್ನ ನಿಶ್ಚಿಂತೆಯ 106 ಎಂದರೆ ಸುಮಾರು 103. ತಿಂಗಳುಗಟ್ಟಲೆ ಮಿತಿ ಮೀರಿಯೇ ಓಡಿಸಿದ್ದೆ. ಟೈರ್ ಬದಲಿಸಿದ ಮೇಲೆ ಲೀಟರಿಗೆ 18 ಕೊಡುತ್ತಿದ್ದ ಕಾರು 17ರ ಹತ್ತಿರಕ್ಕೆ ಇಳಿದಿದೆ ಎಂದು ಗ್ಯಾರೇಜಿನಲ್ಲಿ ದೂರಿದ್ದೆನಲ್ಲ, ಅದರಲ್ಲಿ ದೊಡ್ಡ ಪಾಲು ಎಂಜಿನ್ನಿನದ್ದಲ್ಲ, ದೂರವನ್ನು ಕಡಿಮೆ ಎಣಿಸಿದ ಓಡೊಮೀಟರಿನದ್ದು.

ಪತ್ರ ಬರೆದ ಓದುಗರ ಕಾರಿನ ಟೈರ್ ಯಾವುದೋ ನನಗೆ ಗೊತ್ತಿಲ್ಲ. 185/65 ಆರ್15 ಜಾಗದಲ್ಲಿ 205/65 ಆರ್15 ಹಾಕಿಸಿದ್ದರೆ ವ್ಯಾಸ ನೂರಕ್ಕೆ ನಾಲ್ಕಕ್ಕಿಂತ ತುಸು ಹೆಚ್ಚೇ ಏರಿರುತ್ತದೆ; ಅವರ ಮೀಟರಿನ ಮೂಲ ಅಂಚು ತೀರ ಕಡಿಮೆಯದಾಗಿದ್ದರೆ 99 ಮತ್ತು 103 ಎರಡೂ ನಿಜವೇ ಆಗಿರಬಹುದು. ಟೈರ್ ಮೂಲ ಅಳತೆಯದ್ದೇ ಆಗಿದ್ದರೆ ಅವರ ದೂರಿಗೆ ಬಲವಿದೆ, ಆ ಕ್ಯಾಮೆರಾವನ್ನು ಸಂಬಂಧಪಟ್ಟವರು ಪರೀಕ್ಷಿಸಲೇಬೇಕು. ವಾಹನಗಳ ವೇಗ ಅಳೆಯುವ ರೇಡಾರ್ ಉಪಕರಣಗಳನ್ನು ಸತ್ಯಾಪಿಸಿ ಮುದ್ರೆ ಹಾಕಬೇಕೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2025ರಲ್ಲಿ ನಿಯಮ ಪ್ರಕಟಿಸಿದೆ. ಆಟೊ ಮೀಟರಿಗೆ, ಪೆಟ್ರೋಲ್ ಪಂಪಿಗೆ, ತರಕಾರಿ ಅಂಗಡಿಯ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೀಳುತ್ತದೆ. ವೇಗದ ಮೀಟರ್ ಕಾರುಗಳಲ್ಲಿ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಆದರೆ ಖಾಸಗಿ ಕಾರಿಗೆ ನೋಂದಣಿಯ ನಂತರ ಹದಿನೈದು ವರ್ಷ ಅರ್ಹತಾ ಪರೀಕ್ಷೆಯೇ ಇಲ್ಲದ್ದರಿಂದ, ಅಷ್ಟರಲ್ಲಿ ಮೂರ್ನಾಲ್ಕು ಜೊತೆ ಟೈರ್ ಬದಲಾದರೂ ಅದರ ಮೀಟರ್ ಸರಿಯಿದೆಯೇ ಎಂದು ನೋಡುವವರಿಲ್ಲ.

ನನ್ನ ಬೇಡಿಕೆ ದುಬಾರಿಯದ್ದೇನೂ ಅಲ್ಲ. ಆಸ್ಟ್ರೇಲಿಯಾದ ಕೆಲವು ಹೆದ್ದಾರಿಗಳಲ್ಲಿ ಚಾಲಕರು ತಮ್ಮ ಮೀಟರನ್ನು ತಾವೇ ಪರೀಕ್ಷಿಸಿಕೊಳ್ಳಲೆಂದು ನಿಖರವಾಗಿ ಅಳೆದ ದೂರವನ್ನು ಫಲಕ ನೆಟ್ಟು ಗುರುತಿಸಿರುತ್ತಾರೆ. ಮದ್ದೂರು–ಮಂಡ್ಯ ನಡುವೆ ತಿರುವು ಕಡಿಮೆಯಿರುವ ಕಡೆ, ಎರಡೂ ದಿಕ್ಕಿನಲ್ಲಿ, ಹೆದ್ದಾರಿ ಪ್ರಾಧಿಕಾರ ಐದು ಕಿ.ಮೀ.ಯನ್ನು ಹೊಸದಾಗಿ ಅಳೆದು ಆರಾರು ಫಲಕ ನೆಟ್ಟರೆ ಸಾಕು. 100ರ ವೇಗಕ್ಕೆ 180 ಸೆಕೆಂಡ್ ಎಂಬ ಒಂದು ಸಾಲನ್ನು ಕೊನೆಯ ಫಲಕದಲ್ಲಿ ಕನ್ನಡದಲ್ಲಿ ಬರೆಸಿದರೆ ಇನ್ನೂ ಒಳ್ಳೆಯದು. ದಂಡ ವಿಧಿಸುವ ಕ್ಯಾಮೆರಾಕ್ಕೆ ಒಂದೆರಡು ಕಿ.ಮೀ. ಮುಂಚೆ, ಎದುರು ಬರುವ ವಾಹನದ ವೇಗವನ್ನು ದೊಡ್ಡ ಅಂಕಿಗಳಲ್ಲಿ ತೋರಿಸುವ ಫಲಕವನ್ನೂ ಇಡಬಹುದು. ಟೈರ್ ಅಂಗಡಿಗಳವರು ಮೂಲ ಅಳತೆ ಬಿಟ್ಟು ಬೇರೆ ಅಳತೆ ಹಾಕುವಾಗ ಮೀಟರ್ ಎಷ್ಟು ಕಡಿಮೆ ತೋರಿಸುತ್ತದೆಂಬುದನ್ನು ಬಿಲ್ಲಿನ ಮೇಲೆ ಬರೆದುಕೊಡುವಂತೆ ಸಾರಿಗೆ ಇಲಾಖೆ ಸೂಚಿಸಬೇಕು. 80ಕ್ಕೆ ಮಿತಿಗೊಳಿಸಿದ ಹಳದಿ ಫಲಕದ ಟ್ಯಾಕ್ಸಿಗಳ ವೇಗ ನಿಯಂತ್ರಕವೂ ಚಕ್ರದ ಸುತ್ತನ್ನೇ ನಂಬಿರುವುದರಿಂದ ಇದು ಅವುಗಳಿಗೂ ಅನ್ವಯಿಸುತ್ತದೆ.

ಮೂಲ ಅಳತೆಯನ್ನು ಅನೇಕ ಕಾರುಗಳಲ್ಲಿ ಚಾಲಕನ ಬಾಗಿಲು ತೆರೆದಾಗ ಕಾಣುವ ಕಂಬದ ಮೇಲಿನ ಚೀಟಿಯಲ್ಲಿ ಮುದ್ರಿಸಿರುತ್ತಾರೆ. ಕಳೆದ ವಾರದ ಓದುಗರು ಅದನ್ನೂ ತಮ್ಮ ಟೈರಿನ ಪಕ್ಕದಲ್ಲಿ ಬರೆದಿರುವುದನ್ನೂ ಹೋಲಿಸಿ ನೋಡಿ ಈ ಅಂಕಣಕ್ಕೆ ಇನ್ನೊಂದು ಪತ್ರ ಬರೆಯಬೇಕೆಂದು ಕೋರುತ್ತೇನೆ. ಎರಡೂ ಒಂದೇ ಆಗಿದ್ದರೆ, ಕ್ಯಾಮೆರಾದ ಮೇಲಿನ ಅವರ ದೂರಿಗೆ ನನ್ನ ಸಹಿಯೂ ಇರಲಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಉಪನ್ಯಾಸಕ, ಮೈಸೂರು