‘ಆಬ್ವಿಯಸ್ಲಿ’ ಎಂದರೆ ‘ನಿಸ್ಸಂದೇಹವಾಗಿ’ ಅಲ್ಲ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ವಿದ್ಯಾರ್ಥಿಗಳ ಪುಟದಲ್ಲಿ ಇಂಗ್ಲಿಷಿನ ‘ಆಬ್ವಿಯಸ್ಲಿ’ ಎಂಬ ಕ್ರಿಯಾವಿಶೇಷಣಕ್ಕೆ ‘ನಿಸ್ಸಂದೇಹವಾಗಿ’ ಎಂಬ ಅರ್ಥವನ್ನು ಕೊಡಲಾಗಿತ್ತು. ಪದದ ಹುಟ್ಟನ್ನು ಗಮನಿಸಿದರೆ ಈ ಅರ್ಥ ಸ್ವಲ್ಪ ಜಾರಿದೆ ಎಂದು ನನಗೆ ಅನ್ನಿಸುತ್ತದೆ.

ಲ್ಯಾಟಿನ್ ಭಾಷೆಯಲ್ಲಿ ‘ಒಬ್’ ಎಂದರೆ ಎದುರು, ‘ವಿಯ’ ಎಂದರೆ ದಾರಿ. ಇವೆರಡೂ ಸೇರಿ ಆದ ‘ಒಬ್ವಿಯುಸ್’ ಎಂಬುದಕ್ಕೆ ದಾರಿಯಲ್ಲಿ ಎದುರಾದದ್ದು ಎಂದು ಅರ್ಥ. ಮಡಿಕೇರಿಯಿಂದ ವಿರಾಜಪೇಟೆಗೆ ಹೊರಟ ಬಸ್ಸಿನ ಬೋರ್ಡಿನ ಮೇಲೆ ‘ವಯಾ ಮೂರ್ನಾಡು’ ಎಂದು ಬರೆದಿರುತ್ತದಲ್ಲ, ಆ ‘ವಯಾ’ ಕೂಡ ಇದೇ ದಾರಿ. ಇನ್ನೂ ಒಂದು ಸ್ವಾರಸ್ಯವಿದೆ. ಲ್ಯಾಟಿನ್ನಿನಲ್ಲಿ ‘ಒಬ್ವಿಯಾಮ್ ಇರೆ’ ಎಂಬ ನುಡಿಗಟ್ಟಿಗೆ, ಬರುವವರನ್ನು ಭೇಟಿಯಾಗಲು ಮುಂದೆ ಹೋಗುವುದು ಎಂಬ ಅರ್ಥವೂ ಉಂಟು, ಪ್ರತಿಭಟಿಸಿ ನಿಲ್ಲುವುದು ಎಂಬ ಅರ್ಥವೂ ಉಂಟು. ನಮ್ಮ ‘ಎದುರು’ ಎಂಬ ಪದದಿಂದಲೂ ನೆಂಟರನ್ನು ‘ಎದುರುಗೊಳ್ಳುವುದು’ ಮತ್ತು ಹಗೆಯನ್ನು ‘ಎದುರಿಸುವುದು’ ಎರಡೂ ಹುಟ್ಟಿವೆ. ‘ಆಬ್ವಿಯಸ್’ ಇಂಗ್ಲಿಷಿಗೆ ಬಂದದ್ದು 16ನೇ ಶತಮಾನದ ಕೊನೆಯ ಭಾಗದಲ್ಲಿ. ಕೊನೆಯ ‘ಲಿ’ ಮಾತ್ರ ಲ್ಯಾಟಿನ್ನಿನದಲ್ಲ, ಹಳೆಯ ಇಂಗ್ಲಿಷಿನ ಸ್ವಂತ ಪ್ರತ್ಯಯ. ನಾವು ‘ಆಗಿ’ ಸೇರಿಸಿದಂತೆ ಅವರು ಅದನ್ನು ಸೇರಿಸಿಕೊಂಡರು.

ಹೀಗಾಗಿ ಈ ಪದ ಮೂಲದಲ್ಲಿ ಕಣ್ಣಿಗೆ ಸೇರಿದ್ದು. ಸಂದೇಹವಾದರೋ ಮನಸ್ಸಿಗೆ ಸೇರಿದ್ದು. ಕಾಫಿ ತೋಟದ ದಾರಿಯ ತಿರುವಿನಲ್ಲಿ ಕಾಡಾನೆ ನಿಂತಿದ್ದರೆ ಅದು ‘ಆಬ್ವಿಯಸ್’: ಹುಡುಕಬೇಕಿಲ್ಲ, ವಾದಿಸಬೇಕಿಲ್ಲ, ತಿರುಗಿ ಓಡಿದರೆ ಸಾಕು. ಅದೇ ತೋಟದಲ್ಲಿ ಅರೇಬಿಕಾ ಗಿಡದ ಎಲೆ ಹಳದಿಯಾಗಿದ್ದರೆ ಕಾರಣ ಹಲವಿರಬಹುದು. ಕಾಂಡವನ್ನು ಸೀಳಿ, ಒಳಗೆ ಬಿಳಿ ಕಾಂಡಕೊರಕದ ಹುಳುವನ್ನು ಕಂಡ ಮೇಲೆ ಕಾರಣ ನಿಸ್ಸಂದೇಹವಾಗುತ್ತದೆಯೇ ಹೊರತು ಅದು ಮೊದಲಿನಿಂದಲೂ ‘ಆಬ್ವಿಯಸ್’ ಆಗಿರಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ಕೇಳುವ ನಮಗೆ ಈ ವ್ಯತ್ಯಾಸ ಹೊಸದೇನಲ್ಲ.

ಬರವಣಿಗೆಯಲ್ಲಿ ‘ಎದ್ದು ಕಾಣುವಂತೆ’ ಅಥವಾ ‘ಮೇಲ್ನೋಟಕ್ಕೇ’ ಎಂಬುದು ಇದಕ್ಕೆ ಹೆಚ್ಚು ಹೊಂದುತ್ತದೆ. ಮಾತಿನಲ್ಲಿ ಬೇರೆ. ‘ಹುತ್ತರಿಗೆ ಊರಿಗೆ ಬರ್ತೀಯಾ?’ ಎಂದು ಕೇಳಿದರೆ ಬೆಂಗಳೂರಿನಲ್ಲಿರುವ ನಮ್ಮ ಮಕ್ಕಳು ಫೋನಿನಲ್ಲಿ ‘ಆಬ್ವಿಯಸ್ಲಿ’ ಎನ್ನುತ್ತಾರೆ. ಅಲ್ಲಿ ಅದರ ಸರಿಯಾದ ಕನ್ನಡ ‘ಮತ್ತೆ? ಬರದೆ ಇರ್ತೀನಾ?’ ಎಂಬುದೇ ಆಗಿದೆ.

– ಓರ್ವ ಓದುಗ, ನಾಪೋಕ್ಲು, ಕೊಡಗು